ಗೋಡೆಯ ಬಿರುಕು ಮತ್ತು ಗೃಹವಿಮೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಅನುಭವದಿಂದ. ಒಂದು ಕುಟುಂಬವು ತನ್ನ ಜೀವಮಾನದ ದುಡಿಮೆಯಲ್ಲಿ ಮಾಡುವ ಅತ್ಯಂತ ದೊಡ್ಡ ವೆಚ್ಚ ಬಹುಮಟ್ಟಿಗೆ ಮನೆಯದೇ ಆಗಿರುತ್ತದೆ. ಹೊಲ ಮಾರಿದ ಹಣ, ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಗಂಟು, ತಾಯಿಯ ಕೊರಳ ಬಂಗಾರ, ಬ್ಯಾಂಕಿನ ಇಪ್ಪತ್ತು ವರ್ಷದ ಸಾಲ ಇವೆಲ್ಲ ಕೂಡಿ ನಾಲ್ಕು ಗೋಡೆಗಳಾಗುತ್ತವೆ. ಆ ಗೋಡೆಯ ಮೇಲೆ ಒಂದು ದಿನ ಬಿರುಕು ಕಾಣಿಸಿಕೊಂಡಾಗ ಮನೆಯವರ ಎದೆ ಝಲ್ಲೆನ್ನುವುದು ಸಹಜ. ಆಮೇಲೆ ಬಹುಮಂದಿ ಮಾಡುವುದೇನು? ಸುಣ್ಣ ಬಳಿಯುತ್ತಾರೆ, ಇಲ್ಲವೇ ದೊಡ್ಡದೊಂದು ಕ್ಯಾಲೆಂಡರನ್ನು ಅದರ ಮೇಲೆ ತೂಗುಹಾಕುತ್ತಾರೆ. ಕಣ್ಣಿಗೆ ಮರೆಯಾದದ್ದು ಮನಸ್ಸಿಗೂ ಮರೆಯಾಗುತ್ತದೆ.

ಈಚಿನ ವರ್ಷಗಳಲ್ಲಿ ಮನೆಗೆ ವಿಮೆ ಮಾಡಿಸುವ ರೂಢಿ ನಮ್ಮ ಕುಟುಂಬಗಳಲ್ಲಿಯೂ ಬೆಳೆಯುತ್ತಿದೆ. ಅದರೊಡನೆ ಎರಡು ತಪ್ಪು ಎಣಿಕೆಗಳೂ ಬೆಳೆದಿವೆ. ‘ವಿಮೆ ಇದೆಯಲ್ಲ, ಬಿರುಕು ಬಿಟ್ಟರೆ ಕಂಪನಿ ಕೊಡುತ್ತದೆ’ ಎಂದು ಕೆಲವರು ನಿಶ್ಚಿಂತರಾಗಿದ್ದಾರೆ. ‘ಬಿರುಕು ಇದೆಯೆಂದು ತಿಳಿದರೆ ವಿಮೆಯೇ ಸಿಗದು’ ಎಂದು ಇನ್ನು ಕೆಲವರು ಅದನ್ನು ಮುಚ್ಚಿಡುತ್ತಾರೆ. ಈ ಎರಡೂ ದಾರಿಗಳು ಕಷ್ಟಕಾಲದಲ್ಲಿ ಗೃಹಸ್ಥನನ್ನು ಬರಿಗೈಯಲ್ಲಿ ನಿಲ್ಲಿಸುತ್ತವೆ. ವಿಮೆಯು ವಿಚಾರಿಸುವುದು ಬಿರುಕನ್ನಲ್ಲ, ಬಿರುಕಿನ ಕಾರಣವನ್ನು. ಆ ಕಾರಣವನ್ನು ಸಿದ್ಧಪಡಿಸಿ ತೋರಿಸಬಲ್ಲವನು ತನ್ನ ಮನೆಯ ಗೋಡೆಯನ್ನು ಮೊದಲಿನಿಂದ ಲಕ್ಷ್ಯವಿಟ್ಟು ನೋಡಿಕೊಂಡು ಬಂದವನು ಮಾತ್ರ. ಈ ಮಾತನ್ನು ವಾಚಕರಿಗೆ ವಿಶದಪಡಿಸುವುದೇ ನಮ್ಮ ಈ ಲೇಖನದ ಉದ್ದೇಶ.

ಎರೆನೆಲದ ಸ್ವಭಾವ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳ ವಿಶಾಲ ಪ್ರದೇಶಗಳಲ್ಲಿ ಕಪ್ಪು ಎರೆಮಣ್ಣು ಹರಡಿಕೊಂಡಿದೆ. ಜೋಳ, ಕಡಲೆ, ಹತ್ತಿಗಳಿಗೆ ಇದು ತಾಯಿಯಂತಹ ನೆಲ. ಮನೆ ಕಟ್ಟುವವನಿಗೆ ಮಾತ್ರ ಇದು ಪರೀಕ್ಷೆಯ ನೆಲ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ಹೇರಳವಾಗಿದೆ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ನೆಲವು ಎತ್ತಿನ ಗೊರಸು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿ ಬಿಡುವುದನ್ನೂ, ಎರಡು ಹದಮಳೆ ಬಿದ್ದೊಡನೆ ಆ ಬಾಯಿ ಮುಚ್ಚಿಕೊಳ್ಳುವುದನ್ನೂ ಕಾಣದ ರೈತರಿಲ್ಲ.

ಹೊಲದಲ್ಲಿ ನಡೆಯುವ ಈ ಕ್ರಿಯೆಯೇ ಮನೆಯ ಅಡಿಯಲ್ಲಿಯೂ ನಡೆಯುತ್ತದೆ. ಬೇಸಿಗೆಯಲ್ಲಿ ಮನೆಯ ಸುತ್ತಲಿನ ಮಣ್ಣು ಮೊದಲು ಒಣಗುತ್ತದೆ, ನಡುಮನೆಯ ಕೆಳಗಿನ ಮಣ್ಣು ಹಸಿಯಾಗಿಯೇ ಉಳಿದಿರುತ್ತದೆ. ಆಗ ಮೂಲೆಗಳು ಕೆಳಗಿಳಿಯುತ್ತವೆ, ನಡುಭಾಗ ನಿಂತಲ್ಲಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಅಂಚಿನ ಮಣ್ಣು ನೀರು ಹೀರಿ ಉಬ್ಬಿ ಮೂಲೆಗಳನ್ನು ಮೇಲೆತ್ತುತ್ತದೆ. ವರ್ಷವರ್ಷವೂ ಹೀಗೆ ಏರಿಳಿಯುವ ನೆಲದ ಮೇಲೆ ಬಾಗಲಾರದ ಇಟ್ಟಿಗೆಯ ಗೋಡೆ ನಿಂತಿದ್ದರೆ ಅದು ಬಿರಿಯದೆ ಇನ್ನೇನು ಮಾಡೀತು?

ಎರೆನೆಲದ ಬಿರುಕು ಕಾಲದೊಡನೆ ಉಸಿರಾಡುತ್ತದೆ. ಬೇಸಿಗೆಯಲ್ಲಿ ತೆರೆದುಕೊಂಡದ್ದು ಶ್ರಾವಣದಲ್ಲಿ ಕಿರಿದಾಗುತ್ತದೆ. ಅದಕ್ಕೆ ಸಿಮೆಂಟು ತುಂಬಿದರೆ ಮರುವರ್ಷ ಅದರ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಇದನ್ನು ತಿಳಿಯದೆ ವರ್ಷಕ್ಕೊಮ್ಮೆ ಗಿಲಾವು ಮಾಡಿಸಿ ಹಣ ಕಳೆದುಕೊಂಡ ಮನೆಗಳು ನಮ್ಮ ಭಾಗದಲ್ಲಿ ಎಷ್ಟೋ ಇವೆ.

ಬಿರುಕನ್ನು ಓದುವ ಬಗೆ

ಎಲ್ಲ ಬಿರುಕುಗಳೂ ನೆಲದಿಂದಲೇ ಹುಟ್ಟುವುದಿಲ್ಲ. ಭಾರತೀಯ ಮಾನಕ ಸಂಸ್ಥೆಯು ಕಟ್ಟಡಗಳ ಬಿರುಕುಗಳ ಕಾರಣ ಮತ್ತು ನಿವಾರಣೆಯನ್ನು ಕುರಿತು ೧೯೮೪ರ ಒಂದು ಕೈಪಿಡಿಯನ್ನು ನಮಗೆ ಒದಗಿಸಿದೆ. ತೇವಾಂಶದ ಏರಿಳಿತ, ಬಿಸಿಲು-ಚಳಿಗಳಿಂದಾಗುವ ಹಿಗ್ಗುಕುಗ್ಗು, ಭಾರದಿಂದಾಗುವ ಬಾಗು, ರಾಸಾಯನಿಕ ಕ್ರಿಯೆ, ಅಡಿಪಾಯದ ಚಲನೆ, ಗಿಡಮರಗಳ ಬೇರು ಮುಂತಾದ ಕಾರಣಗಳನ್ನು ಅದು ವಿವರಿಸುತ್ತದೆ. ಅಗಲವನ್ನು ಹಿಡಿದು ಒಂದು ಮಿಲಿಮೀಟರಿಗಿಂತ ಕಡಿಮೆಯದನ್ನು ಸಣ್ಣದೆಂದೂ, ಒಂದರಿಂದ ಎರಡು ಮಿಲಿಮೀಟರಿನದನ್ನು ಮಧ್ಯಮವೆಂದೂ, ಎರಡನ್ನು ಮೀರಿದ್ದನ್ನು ಅಗಲವಾದುದೆಂದೂ ವಿಂಗಡಿಸುತ್ತದೆ. ಗೃಹಸ್ಥನು ಎಂಜಿನಿಯರನಾಗಬೇಕಿಲ್ಲ, ಕೆಲವು ಲಕ್ಷಣಗಳನ್ನು ಗುರುತಿಸಬಲ್ಲವನಾದರೆ ಸಾಕು.

ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಸಿಮೆಂಟು ಒಣಗುವಾಗ ಕುಗ್ಗಿದ್ದರಿಂದ ಆದವು, ಅವುಗಳಿಂದ ಭಯವಿಲ್ಲ. ತಾರಸಿಯ ಅಡಿಯಲ್ಲಿ, ಗೋಡೆಯ ತುದಿಗೆ, ಅಡ್ಡಲಾಗಿ ಓಡುವ ಬಿರುಕು ಬಹುಶಃ ಬಿಸಿಲಿಗೆ ತಾರಸಿ ಹಿಗ್ಗಿದುದರ ಗುರುತು. ಕಂಬಕ್ಕೂ ಗೋಡೆಗೂ ನಡುವೆ ನೆಟ್ಟಗೆ ಇಳಿದ ಗೆರೆಯು ಎರಡು ಬೇರೆ ಸಾಮಗ್ರಿಗಳ ಹೊಂದಾಣಿಕೆಯ ಕೊರತೆಯನ್ನು ಹೇಳುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಗಳ ಸಂದಿನಲ್ಲಿ ಮೆಟ್ಟಿಲಿನಂತೆ ಇಳಿಯುವ ಬಿರುಕನ್ನು ಮಾತ್ರ ಲಘುವಾಗಿ ಕಾಣಲಾಗದು. ಅದು ಅಡಿಪಾಯವು ಒಂದು ಕಡೆ ಇಳಿದುದರ ಸಾಕ್ಷಿ. ಅದು ಮೇಲ್ಗಡೆ ಅಗಲವಾಗಿದ್ದರೆ ಗೋಡೆಯ ತುದಿಯು ಇಳಿದಿದೆಯೆಂದೂ, ಕೆಳಗಡೆ ಅಗಲವಾಗಿದ್ದರೆ ನಡುಭಾಗ ಇಳಿದಿದೆಯೆಂದೂ ಸಾಮಾನ್ಯವಾಗಿ ಊಹಿಸಬಹುದು. ಕಬ್ಬಿಣದ ಸಲಾಕೆಯ ಗುಂಟ ಬಿರಿದು ಕೆಂಪು ತುಕ್ಕಿನ ಕಲೆ ಕಾಣಿಸಿದರೆ ಒಳಗಿನ ಕಬ್ಬಿಣವೇ ಕೊಳೆಯುತ್ತಿದೆಯೆಂದು ಅರ್ಥ. ಬಿರುಕಿನೊಡನೆ ಬಾಗಿಲುಗಳು ಬಿಗಿಯಾಗತೊಡಗಿದರೆ, ಬಿರುಕು ಗೋಡೆಯ ಈಚೆಯಿಂದ ಆಚೆಗೆ ಹಾಯ್ದಿದ್ದರೆ, ಆಗ ಬಲ್ಲ ಎಂಜಿನಿಯರರನ್ನು ಕರೆಸುವುದಕ್ಕೆ ತಡಮಾಡಬಾರದು.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದನ್ನು ತಿಳಿಯುವ ಸುಲಭೋಪಾಯವೊಂದಿದೆ. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಹಿರಿಯ ಗೌಂಡಿಯೊಬ್ಬರು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಚೂರೊಂದನ್ನು ಎರಡು ತುದಿಗೂ ಗಾರೆಯಿಂದ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ಇದ್ದಿಲಿನಿಂದ ಆ ದಿನದ ತಿಥಿ ಬರೆದಿಡುತ್ತಿದ್ದುದನ್ನು ಕಂಡಿದ್ದೇವೆ. ಗಾಜು ಒಡೆದರೆ ಗೋಡೆ ಸರಿಯುತ್ತಿದೆ, ಒಡೆಯದಿದ್ದರೆ ನಿಂತಿದೆ. ಎಂಜಿನಿಯರರು ಇಂದಿಗೂ ಇದೇ ವಿಧಾನವನ್ನು ಬಳಸುತ್ತಾರೆ. ಗಾಜು ಬೇಡವೆನಿಸಿದವರು ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಬಹುದು. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವವರೆಗೆ ಹೀಗೆ ನೋಡಿದರೆ ಗೋಡೆ ತನ್ನ ಕಥೆಯನ್ನು ತಾನೇ ಹೇಳುತ್ತದೆ.

ವಿಮೆಯು ಹೊರುವ ಭಾರ

ಹಿಂದೆ ನಮ್ಮ ದೇಶದಲ್ಲಿ ಮನೆಯ ವಿಮೆಯ ಕರಾರುಗಳು ಸಾಮಾನ್ಯರಿಗೆ ಅರ್ಥವಾಗದ ಭಾಷೆಯಲ್ಲಿದ್ದವು. ಭೂಕಂಪದ ರಕ್ಷಣೆಗೆ ಪ್ರತ್ಯೇಕವಾಗಿ ಹಣ ಕಟ್ಟಬೇಕಾಗುತ್ತಿತ್ತು. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರವು ೨೦೨೧ರ ಏಪ್ರಿಲ್ ೧ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಸಮಾನ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪನಿಯಲ್ಲಿ ಕೊಂಡರೂ ಇದರ ಮೂಲ ಕರಾರುಗಳು ಒಂದೇ. ಇದನ್ನು ಹತ್ತು ವರ್ಷಗಳವರೆಗಿನ ಅವಧಿಗೂ ಪಡೆಯಬಹುದು.

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೀರು ನುಗ್ಗುವಿಕೆ, ಮನೆ ನಿಂತ ನೆಲದ ಕುಸಿತ, ಭೂಕುಸಿತ, ಬಂಡೆ ಉರುಳುವಿಕೆ, ವಾಹನಾದಿಗಳ ಡಿಕ್ಕಿ, ಗಲಭೆ, ನೀರಿನ ಟ್ಯಾಂಕು ಮತ್ತು ಕೊಳವೆಗಳು ಒಡೆದು ಅಥವಾ ಉಕ್ಕಿ ಹರಿಯುವುದು ಇವೇ ಮೊದಲಾದ ಘಟನೆಗಳಿಂದ ಮನೆಗಾಗುವ ಹಾನಿಯನ್ನು ಈ ಪಾಲಿಸಿಯು ಭರಿಸುತ್ತದೆ. ಇಲ್ಲಿ ‘ಘಟನೆ’ ಎಂಬ ಶಬ್ದವನ್ನು ವಾಚಕರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇಂಥ ದಿನ, ಇಂಥ ಸಂಗತಿ ನಡೆಯಿತು, ಅದರಿಂದ ಗೋಡೆ ಬಿರಿಯಿತು ಎಂದು ಹೇಳಲು ಸಾಧ್ಯವಾಗುವಂಥದ್ದು ಘಟನೆ. ಪಟ್ಟಿಯಲ್ಲಿರುವ ಘಟನೆಯೊಂದರಿಂದ ಬಿರುಕು ಹುಟ್ಟಿದ್ದರೆ ಅದು ವಿಮೆಯ ವ್ಯಾಪ್ತಿಗೆ ಬರುತ್ತದೆ. ಯಾವ ಘಟನೆಯೂ ಇಲ್ಲದೆ ಕಾಲಕ್ರಮದಲ್ಲಿ ಮೂಡಿದ್ದರೆ ಬರುವುದಿಲ್ಲ.

೨೦೨೧ರ ಜನವರಿ ೨೧ರ ರಾತ್ರಿ ಶಿವಮೊಗ್ಗದ ಸಮೀಪದ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದಾಗ ಸುತ್ತಲಿನ ಊರುಗಳಲ್ಲಿ ಕಿಟಕಿಯ ಗಾಜುಗಳು ಒಡೆದು ಗೋಡೆಗಳು ಬಿರಿದವು. ಅದು ಘಟನೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದಾಗ ಮಣ್ಣಿನ ಗೋಡೆಗಳು ನೆನೆದು ಕುಸಿದವು, ಇಟ್ಟಿಗೆಯ ಮನೆಗಳ ಅಡಿಪಾಯದ ಮಣ್ಣು ಕೊಚ್ಚಿಹೋಯಿತು. ಅದೂ ಘಟನೆ. ಹೊಸ ಮನೆಗೆ ಕಾಲಿಟ್ಟ ಎರಡನೆಯ ಬೇಸಿಗೆಯಲ್ಲಿ ದೇವರ ಕೋಣೆಯ ಗೋಡೆಯಲ್ಲಿ ಒಂದು ಗೆರೆ ಮೂಡಿ, ಐದು ವರ್ಷಗಳಲ್ಲಿ ಬೆರಳು ತೂರುವಷ್ಟು ಬೆಳೆದರೆ ಅದು ಘಟನೆಯಲ್ಲ. ಅದು ನೆಲದ, ವಿನ್ಯಾಸದ ಅಥವಾ ಕೆಲಸದ ದೋಷ.

ವಿಮೆಯು ಹೊರದ ಭಾರ

‘ನೆಲದ ಕುಸಿತ ಪಟ್ಟಿಯಲ್ಲಿದೆಯಲ್ಲ, ನಮ್ಮ ಎರೆನೆಲ ಕುಸಿದೇ ಅಲ್ಲವೇ ಗೋಡೆ ಬಿರಿದದ್ದು?’ ಎಂದು ಕೇಳಬಹುದು. ಪಾಲಿಸಿಯು ಈ ಪ್ರಶ್ನೆಯನ್ನು ಮೊದಲೇ ಊಹಿಸಿದೆ. ನೆಲದ ಕುಸಿತವನ್ನು ಒಪ್ಪಿಕೊಂಡ ಬಳಿಕ ಅದು ಕೆಲವು ಸಂದರ್ಭಗಳನ್ನು ಹೊರಗಿಡುತ್ತದೆ. ಹೊಸ ಕಟ್ಟಡವು ಸಹಜವಾಗಿ ಬಿರಿಯುವುದು ಮತ್ತು ಇಳಿದು ಕೂರುವುದು. ತುಂಬಿಸಿ ಎತ್ತರಿಸಿದ ನೆಲವು ಇಳಿಯುವುದು ಅಥವಾ ಸರಿಯುವುದು. ನದಿ ಅಥವಾ ಕಡಲಿನ ಕೊರೆತ. ದೋಷಯುಕ್ತ ವಿನ್ಯಾಸ, ಕಳಪೆ ಕೆಲಸ, ಕಳಪೆ ಸಾಮಗ್ರಿ. ಕಟ್ಟಡವನ್ನು ಕೆಡವುವುದು, ಕಟ್ಟುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು ಅಥವಾ ನೆಲ ಅಗೆಯುವುದು. ಇವುಗಳಿಂದಾದ ಕುಸಿತಕ್ಕೆ ಪರಿಹಾರವಿಲ್ಲ.

ಈ ಪಟ್ಟಿಯ ಒಂದೊಂದು ಪದವೂ ನಮ್ಮ ಊರುಗಳ ಮನೆಗಳಿಗೆ ಅನ್ವಯಿಸುತ್ತದೆ. ಕೆರೆಯಂಗಳವನ್ನು ತುಂಬಿಸಿ ಮಾಡಿದ ಬಡಾವಣೆಗಳು ನಮ್ಮ ನಗರಗಳಲ್ಲಿ ಕಡಿಮೆಯಿಲ್ಲ. ಹಳೆಯ ಬಾವಿಯನ್ನೋ ಹಗೇವನ್ನೋ ಮುಚ್ಚಿ ಅದರ ಮೇಲೆ ಕಟ್ಟಿದ ಮನೆಗಳೂ ಇವೆ. ನಿವೇಶನ ಕೊಳ್ಳುವ ಮೊದಲೇ ಆ ನೆಲದ ಹಿಂದಿನ ಚರಿತ್ರೆಯನ್ನು ಊರ ಹಿರಿಯರಲ್ಲಿ ವಿಚಾರಿಸುವುದು ಲೇಸು. ಕೊಂಡ ಮೇಲೆ ವಿಮೆಯು ಆ ದೋಷವನ್ನು ಹೊರುವುದಿಲ್ಲ. ಅಡಿಪಾಯವನ್ನು ಒಂದಡಿ ಕಡಿಮೆ ಮಾಡಿ ಹಣ ಉಳಿಸಿದ ಗುತ್ತಿಗೆದಾರನ ಪಾಪವೂ ವಿಮಾ ಕಂಪನಿಯ ಲೆಕ್ಕಕ್ಕೆ ಹೋಗುವುದಿಲ್ಲ.

ನೆರೆಮನೆಯವರು ನೆಲಮಾಳಿಗೆಗಾಗಿ ಆಳವಾಗಿ ಅಗೆದಾಗ ನಮ್ಮ ಗೋಡೆ ಬಿರಿದರೆ? ಅಗೆತದಿಂದಾದ ಕುಸಿತವು ಹೊರಗಿಟ್ಟ ಪಟ್ಟಿಯಲ್ಲಿ ಇರುವುದರಿಂದ ಇಲ್ಲಿಯೂ ವಿಮೆಯು ಕೈಹಿಡಿಯುವುದು ದುರ್ಲಭ. ಆದರೆ ಕಾನೂನು ಕೈಬಿಟ್ಟಿಲ್ಲ. ಪಕ್ಕದ ನೆಲದಿಂದ ನಮ್ಮ ನೆಲಕ್ಕೆ ದೊರೆಯುವ ಸಹಜ ಆಧಾರವನ್ನು ೧೮೮೨ರ ಭಾರತೀಯ ಈಸ್‌ಮೆಂಟ್ ಅಧಿನಿಯಮವು ಒಂದು ಹಕ್ಕೆಂದು ಮಾನ್ಯಮಾಡಿದೆ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಾಗಿ ಆ ಆಧಾರ ಪಡೆದ ಕಟ್ಟಡಕ್ಕೂ ಆ ಹಕ್ಕು ಸಿದ್ಧಿಸುತ್ತದೆ. ನೆರೆಯವರು ಅಗೆಯಲು ತೊಡಗುವ ಮೊದಲೇ ಅವರೊಡನೆ ಸೌಹಾರ್ದದಿಂದ ಮಾತಾಡಿ, ಉಭಯರ ಸಮಕ್ಷಮ ಗೋಡೆಯ ಚಿತ್ರಗಳನ್ನು ತೆಗೆದಿಟ್ಟುಕೊಂಡರೆ ಮುಂದೆ ಜಗಳಕ್ಕೂ ನ್ಯಾಯಾಲಯಕ್ಕೂ ಹೋಗುವ ಪ್ರಸಂಗವೇ ಬಾರದಿರಬಹುದು.

ನೀರಿನ ವಿಷಯದಲ್ಲಿಯೂ ಈ ಭೇದವನ್ನು ಗಮನಿಸಬೇಕು. ಮಾಳಿಗೆಯ ಮೇಲಿನ ಟ್ಯಾಂಕು ಒಡೆದು ಗೋಡೆ ಬಿರಿದರೆ ಅದು ಪಾಲಿಸಿಯ ಪಟ್ಟಿಯಲ್ಲಿದೆ. ಬಚ್ಚಲಮನೆಯ ಕೊಳವೆಯಿಂದ ಹನಿಹನಿಯಾಗಿ ಮೂರು ವರ್ಷ ಸೋರಿ ಅಡಿಪಾಯ ಸಡಿಲಾದರೆ ಅದನ್ನು ಅಲಕ್ಷ್ಯದ ಫಲವೆಂದೇ ಎಣಿಸುತ್ತಾರೆ.

ಮುಚ್ಚಿಟ್ಟ ಬಿರುಕು

ವಿಮೆಯ ವ್ಯವಹಾರವು ಪರಮ ಸದ್ವಿಶ್ವಾಸದ ಮೇಲೆ ನಿಂತಿದೆ ಎಂಬುದು ಲೋಕವೆಲ್ಲ ಒಪ್ಪಿದ ನ್ಯಾಯತತ್ತ್ವ. ಮನೆಯ ಸ್ಥಿತಿಗತಿಗಳು ತಿಳಿದಿರುವುದು ಮನೆಯವನಿಗೆ, ಕಂಪನಿಗಲ್ಲ. ಸಣ್ಣ ಮನೆಗಳಿಗೆ ಪಾಲಿಸಿ ಕೊಡುವಾಗ ಸಾಮಾನ್ಯವಾಗಿ ಯಾರೂ ಬಂದು ಪರೀಕ್ಷಿಸುವುದಿಲ್ಲ. ಅರ್ಜಿಯಲ್ಲಿ ಬರೆದುದನ್ನೇ ನಂಬುತ್ತಾರೆ. ಗೋಡೆಯು ಇಟ್ಟಿಗೆಯದೋ ಕಲ್ಲಿನದೋ ಮಣ್ಣಿನದೋ, ಮೇಲ್ಛಾವಣಿ ಯಾವುದು, ಮನೆಯ ವಯಸ್ಸೆಷ್ಟು ಎಂಬ ಪ್ರಶ್ನೆಗಳಿಗೆ ಏಜೆಂಟರು ತಾವೇ ಉತ್ತರ ತುಂಬಿ, ಮನೆಯವರು ಓದದೆಯೇ ಸಹಿ ಮಾಡುವುದು ಅನೇಕ ಕಡೆ ನಡೆದಿದೆ. ಹೀಗೆ ಮಾಡಬಾರದು. ದೊಡ್ಡ ಬಿರುಕು ಇದ್ದಲ್ಲಿ ಅದನ್ನು ಬರೆದೇ ತಿಳಿಸಬೇಕು. ಕಂಪನಿಯು ದುರಸ್ತಿ ಮಾಡಿಸಿರೆಂದು ಹೇಳಬಹುದು, ಆ ಭಾಗವನ್ನು ಹೊರಗಿಡಬಹುದು. ಆದರೂ ಉಳಿದ ಮನೆಯ ರಕ್ಷಣೆ ನಿಶ್ಚಿತವಾಗುತ್ತದೆ. ಮುಚ್ಚಿಟ್ಟರೆ, ಮುಂದೆ ಬೆಂಕಿಯೋ ಪ್ರವಾಹವೋ ಬಂದಾಗ ಇಡೀ ಪಾಲಿಸಿಯೇ ಪ್ರಶ್ನೆಗೆ ಒಳಗಾಗುತ್ತದೆ.

ಬಿರುಕು ಸುಳ್ಳು ಹೇಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಹಾನಿಯನ್ನು ಪರಿಶೀಲಿಸಲು ಬರುವ ಸರ್ವೇಯರನು ಮೊದಲು ನೋಡುವುದು ಬಿರುಕಿನ ವಯಸ್ಸನ್ನು. ಹೊಸ ಬಿರುಕಿನ ಅಂಚು ಹರಿತವಾಗಿರುತ್ತದೆ, ಒಳಮೈ ಶುಭ್ರವಾಗಿರುತ್ತದೆ. ಹಳೆಯದರ ಅಂಚು ಸವೆದು, ಒಳಗೆ ಧೂಳು, ಜೇಡನ ಬಲೆ, ಹಿಂದೆ ಬಳಿದ ಸುಣ್ಣಬಣ್ಣಗಳ ಪದರ ಸೇರಿಕೊಂಡಿರುತ್ತವೆ. ಐದು ವರ್ಷದ ಹಿಂದಿನ ಬಿರುಕನ್ನು ನಿನ್ನೆಯ ಮಳೆಯ ಲೆಕ್ಕಕ್ಕೆ ಬರೆಯಿಸಹೊರಟವನು ಆ ಬಣ್ಣದ ಪದರದಿಂದಲೇ ಸಿಕ್ಕಿಬೀಳುತ್ತಾನೆ. ಅಂಥವನು ತನ್ನ ಹಕ್ಕನ್ನು ಕಳೆದುಕೊಳ್ಳುವುದಲ್ಲದೆ, ನಿಜವಾಗಿ ನೊಂದ ನೆರೆಯವನ ಮಾತನ್ನೂ ಸಂಶಯಕ್ಕೆ ಗುರಿಮಾಡುತ್ತಾನೆ. ನುಡಿದಂತೆ ನಡೆಯಬೇಕೆಂದು ಮಕ್ಕಳಿಗೆ ಕಲಿಸುವ ನಮ್ಮ ಮನೆಗಳಲ್ಲಿ ಅರ್ಜಿಯ ಕಾಗದವೂ ನುಡಿಯೇ ಎಂಬುದನ್ನು ಮರೆಯಲಾಗದು.

ಇದಕ್ಕೆಲ್ಲ ಪರಿಹಾರ ಮನೆಗೊಂದು ದಾಖಲೆಯ ಕಡತ. ಮನೆಯ ನಕ್ಷೆ, ಕಟ್ಟಿಸಿದ ವೆಚ್ಚದ ರಸೀದಿಗಳು, ಪಾಲಿಸಿಯ ಪ್ರತಿ, ತೆರಿಗೆ ಚೀಟಿ ಇವುಗಳೊಡನೆ ಪ್ರತಿ ವರ್ಷ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಲ್ಲ ಕೋಣೆಗಳ ಗೋಡೆಗಳ ಚಿತ್ರಗಳನ್ನು ತೆಗೆದು ತಾರೀಖಿನೊಡನೆ ಇಡಬೇಕು. ಒಂದು ಬೇಸಿಗೆಯದು, ಇನ್ನೊಂದು ಮಳೆ ಮುಗಿದ ಮೇಲಿನದು. ಇಂದು ಮೊಬೈಲ್ ಫೋನು ಇಲ್ಲದ ಮನೆ ವಿರಳ. ಮನೆಯ ಮಕ್ಕಳೇ ಈ ಕೆಲಸವನ್ನು ಅರ್ಧ ಗಂಟೆಯಲ್ಲಿ ಮಾಡಬಲ್ಲರು. ಪ್ರವಾಹದ ಹಿಂದಿನ ದೀಪಾವಳಿಯಲ್ಲಿ ಗೋಡೆ ನೆಟ್ಟಗಿತ್ತೆಂದು ತೋರಿಸುವ ಒಂದು ಚಿತ್ರವು ನೂರು ಮಾತಿಗಿಂತ ಬಲವಾದ ಸಾಕ್ಷ್ಯ.

ಎಷ್ಟು ಮೊತ್ತಕ್ಕೆ ವಿಮೆ?

ವಿಮೆಯು ನಿವೇಶನದ ಬೆಲೆಗಲ್ಲ, ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚಕ್ಕೆ. ಒಂದು ಸಾವಿರ ಚದರಡಿಯ ಮನೆಯನ್ನು ಚದರಡಿಗೆ ಎರಡು ಸಾವಿರ ರೂಪಾಯಿಯಂತೆ ಮತ್ತೆ ಕಟ್ಟಬಹುದೆಂದು ಇಟ್ಟುಕೊಂಡರೆ ವಿಮೆಯ ಮೊತ್ತ ೨೦ ಲಕ್ಷ. ‘ಭಾರತ್ ಗೃಹ ರಕ್ಷಾ’ದಲ್ಲಿ ಕಟ್ಟಡದ ಮೊತ್ತದ ನೂರಕ್ಕೆ ೨೦ರಷ್ಟು, ಗರಿಷ್ಠ ೧೦ ಲಕ್ಷದವರೆಗೆ, ಮನೆಯೊಳಗಿನ ಸಾಮಾನ್ಯ ಸಾಮಗ್ರಿಗಳಿಗೂ ರಕ್ಷಣೆ ತಾನಾಗಿಯೇ ದೊರೆಯುತ್ತದೆ, ಈ ಲೆಕ್ಕದಲ್ಲಿ ಅದು ೪ ಲಕ್ಷ. ಆವರಣದ ಗೋಡೆ, ನೀರಿನ ತೊಟ್ಟಿ, ಮುಂತಾದವನ್ನೂ ಲೆಕ್ಕದಲ್ಲಿ ಸೇರಿಸಲು ಮರೆಯಬಾರದು. ಎರೆನೆಲದಲ್ಲಿ ಮೊದಲು ಬೀಳುವುದು ಆವರಣದ ಗೋಡೆಯೇ.

ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದವರಿಗೆ ಒಂದು ವಿಶೇಷ ಸೂಚನೆ. ಸಾಲ ಕೊಡುವಾಗ ‘ಇನ್ಶೂರೆನ್ಸ್’ ಎಂದು ಹಣ ಹಿಡಿದುಕೊಂಡದ್ದು ಬಹಳ ಸಲ ಸಾಲಗಾರನ ಜೀವಕ್ಕೆ ಮಾಡಿದ ವಿಮೆಯಾಗಿರುತ್ತದೆ, ಮನೆಯದಲ್ಲ. ಮನೆಯದೇ ಆಗಿದ್ದರೂ ಅದು ಸಾಲದ ಮೊತ್ತಕ್ಕೆ ಮಾತ್ರ ಇರಬಹುದು. ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆದು, ಮೇಲಿನ ಘಟನೆಗಳ ಪಟ್ಟಿ ಅದರಲ್ಲಿದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡಬೇಕು.

ಹಾನಿಯಾದಾಗ

ಅವಘಡ ಸಂಭವಿಸಿದಾಗ ಮೊದಲು ಜನರನ್ನೂ ದನಕರುಗಳನ್ನೂ ಹೊರತರಬೇಕು, ಉಳಿದುದೆಲ್ಲ ಆಮೇಲೆ. ಕೂಡಲೇ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸರ್ವೇಯರ್ ಬಂದು ನೋಡುವ ಮೊದಲು ಅವಶೇಷಗಳನ್ನು ತೆಗೆಯಬಾರದು, ಬಿರುಕನ್ನು ತುಂಬಬಾರದು. ಗೋಡೆ ಬೀಳುವ ಅಪಾಯವಿದ್ದರೆ ಊರೆಗಂಬ ಕೊಡಬಹುದು, ಅದರ ಮೊದಲಿನ ಮತ್ತು ನಂತರದ ಚಿತ್ರಗಳಿರಲಿ. ಪ್ರವಾಹವಾದರೆ ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆಯ ಪ್ರತಿ, ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಉಪಯುಕ್ತ. ಅಂದಿನ ಮಳೆಯ ಪ್ರಮಾಣ, ಭೂಕಂಪನದ ವಿವರಗಳನ್ನು ಸರ್ಕಾರದ ಸಂಸ್ಥೆಗಳು ದಾಖಲಿಸಿರುತ್ತವೆ; ಅವನ್ನು ಆಧಾರವಾಗಿ ತೋರಿಸಬಹುದು. ಸರ್ಕಾರದ ಪರಿಹಾರವೇ ಬೇರೆ, ವಿಮೆಯ ಪರಿಹಾರವೇ ಬೇರೆ. ಒಂದು ಬಂದಿತೆಂದು ಇನ್ನೊಂದಕ್ಕೆ ಅರ್ಜಿ ಹಾಕದೆ ಸುಮ್ಮನಿರಬಾರದು.

ಕಂಪನಿಯು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಪಾಲಿಸಿಯ ಯಾವ ಕರಾರಿನ ಆಧಾರದಿಂದ ನಿರಾಕರಿಸಿದರೆಂಬುದು ಅದರಲ್ಲಿರಬೇಕು. ಅದು ಸರಿಯಲ್ಲವೆನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ರಿಗೆ ಬರೆದುಕೊಳ್ಳಬಹುದು. ೨೦೨೩ರಿಂದ ೫೦ ಲಕ್ಷ ರೂಪಾಯಿಗಳವರೆಗಿನ ವ್ಯಾಜ್ಯಗಳನ್ನು ಅವರು ವಿಚಾರಿಸುತ್ತಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಕಟ್ಟುವ ಮೊದಲೇ ಎಚ್ಚರ

ಎರೆನೆಲದ ಬಿರುಕಿಗೆ ವಿಮೆಯು ಮದ್ದಲ್ಲವೆಂದ ಮೇಲೆ ಮದ್ದು ಯಾವುದು? ಅದು ಅಡಿಪಾಯದಲ್ಲಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂಥ ನೆಲಕ್ಕಾಗಿಯೇ, ಬುಡದಲ್ಲಿ ಗಡ್ಡೆಯಂತೆ ಅಗಲಗೊಳಿಸಿದ ‘ಅಂಡರ್ ರೀಮ್ಡ್ ಪೈಲ್’ ಎಂಬ ಕಂಬದ ಅಡಿಪಾಯವನ್ನು ರೂಪಿಸಿದೆ. ಆಳವಾದ ಎರೆಯಲ್ಲಿ ಸುಮಾರು ಮೂರೂವರೆ ಮೀಟರ್ ಕೆಳಗೆ ಮಣ್ಣಿನ ಏರಿಳಿತ ಬಹುಮಟ್ಟಿಗೆ ನಿಲ್ಲುತ್ತದೆ. ಕಂಬಗಳು ಅಲ್ಲಿಗೆ ಇಳಿದರೆ ಮೇಲಿನ ಮಣ್ಣು ಉಬ್ಬಿದರೂ ಕುಗ್ಗಿದರೂ ಮನೆ ಕದಲದು. ಎರೆಯ ಆಳ ಕಡಿಮೆಯಿದ್ದಲ್ಲಿ ಅದನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿ ಕಟ್ಟುವ ನಮ್ಮ ಹಿರಿಯರ ಪದ್ಧತಿಯೂ ಯುಕ್ತವಾದದ್ದೇ. ಅಡಿಪಾಯ, ಲಿಂಟಲ್ ಮತ್ತು ಛಾವಣಿಯ ಮಟ್ಟಗಳಲ್ಲಿ ಕಬ್ಬಿಣ ಸೇರಿಸಿದ ಕಾಂಕ್ರೀಟಿನ ಪಟ್ಟಿಯು ಮನೆಯನ್ನು ಸುತ್ತಲೂ ಬಿಗಿದು ಹಿಡಿಯಬೇಕು.

ಕಟ್ಟಿದ ಮನೆಯವರೂ ಕೈಕಟ್ಟಿ ಕೂರಬೇಕಿಲ್ಲ. ಮನೆಯ ಸುತ್ತ ಹೊರಗಡೆಗೆ ಇಳಿಜಾರಾದ ಕಲ್ಲು ಅಥವಾ ಕಾಂಕ್ರೀಟಿನ ಹಾಸು ಹಾಕಿಸಿ, ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೂರ ಹರಿಯಿಸಬೇಕು. ಬಚ್ಚಲ ನೀರು ಗೋಡೆಯ ಪಕ್ಕದಲ್ಲಿ ಇಂಗಬಾರದು. ಬೆಳೆದಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ಮರಗಳನ್ನು ನೆಡಬೇಕು. ಬೇರುಗಳು ಬೇಸಿಗೆಯಲ್ಲಿ ಅಡಿಪಾಯದ ಕೆಳಗಿನ ತೇವವನ್ನು ಹೀರಿ ಮಣ್ಣನ್ನು ಕುಗ್ಗಿಸುತ್ತವೆ. ಇವೆಲ್ಲಕ್ಕೂ ತಗಲುವ ವೆಚ್ಚವು ಗೋಡೆ ಒಡೆದು ಕಟ್ಟುವ ವೆಚ್ಚದ ಒಂದು ಅಲ್ಪಾಂಶ ಮಾತ್ರ.

ಕಿಲ್ಲಾರಿಯ ಪಾಠ

ಬಿರುಕನ್ನು ಅಲಕ್ಷಿಸಿದರೆ ಹಣ ಮಾತ್ರ ಹೋಗುತ್ತದೆಂದು ಯಾರೂ ತಿಳಿಯಬಾರದು. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ನಮ್ಮ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳನ್ನು ಭೂಕಂಪವು ನೆಲಸಮ ಮಾಡಿತು. ಸತ್ತವರು ಹತ್ತು ಸಾವಿರದ ಹತ್ತಿರ. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಅವರವರ ಮನೆಗಳೇ. ಕೆಸರುಮಣ್ಣಿನಲ್ಲಿ ಕೂರಿಸಿದ ಅಂಕುಡೊಂಕಾದ ಕಲ್ಲುಗಳ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ; ಗೋಡೆಯ ಎರಡು ಪದರಗಳನ್ನು ಬಂಧಿಸುವ ಕಲ್ಲುಗಳಾಗಲಿ ಮೂಲೆಗಳ ಹೆಣಿಗೆಯಾಗಲಿ ಇರಲಿಲ್ಲ. ಹಿಂದಿನ ವರ್ಷ, ೧೯೯೨ರಲ್ಲಿಯೇ, ಆ ಊರಿನ ನೆಲ ಅನೇಕ ಸಲ ಸಣ್ಣಗೆ ಕಂಪಿಸಿತ್ತು. ಅಂತಹ ಮನೆಗಳು ನಮ್ಮ ಬೀದರ, ಕಲಬುರಗಿ, ವಿಜಯಪುರದ ಹಳ್ಳಿಗಳಲ್ಲಿ ಇಂದಿಗೂ ಇವೆ. ೨೦೨೧ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿದಾಗ ಜನರು ಮನೆಯೊಳಗೆ ಮಲಗಲು ಹೆದರಿದರು.

ಅಂತಹ ಮನೆಗಳಲ್ಲಿ ಗೋಡೆ ಹೊಟ್ಟೆಯುಬ್ಬಿದ್ದರೆ, ಮೂಲೆಯಲ್ಲಿ ಎರಡು ಗೋಡೆಗಳು ಬೇರ್ಪಟ್ಟಿದ್ದರೆ, ವಿಮೆಯ ವಿಚಾರಕ್ಕಿಂತ ಮೊದಲು ವೃದ್ಧರನ್ನೂ ಮಕ್ಕಳನ್ನೂ ಆ ಕೋಣೆಯಲ್ಲಿ ಮಲಗಿಸುವುದನ್ನು ನಿಲ್ಲಿಸಬೇಕು. ಮಾಳಿಗೆಯ ಮೇಲಿನ ಮಣ್ಣಿನ ಹೊರೆಯನ್ನು ಇಳಿಸಬೇಕು. ಮೂಲೆಗಳನ್ನು ಬಿಗಿಯಿಸಬೇಕು. ವಿಮೆಯು ಬಿದ್ದ ಗೋಡೆಯ ಬೆಲೆಯನ್ನು ಕೊಟ್ಟೀತು, ಗೋಡೆಯ ಅಡಿಯಲ್ಲಿ ಮಲಗಿದ್ದವರನ್ನು ಕೊಡಲಾರದು.

ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ಸಂಚಿಕೆಯನ್ನು ಓದಿ ಮುಗಿಸಿದ ದಿನವೇ ಮನೆಯ ಕ್ಯಾಲೆಂಡರುಗಳನ್ನೂ ಪಟಗಳನ್ನೂ ಒಮ್ಮೆ ಸರಿಸಿ ಗೋಡೆಗಳನ್ನು ನೋಡಿರಿ. ಬಿರುಕಿದ್ದರೆ ಅದರ ಪಕ್ಕದಲ್ಲಿ ತಾರೀಖು ಬರೆಯಿರಿ. ಪಾಲಿಸಿಯಿದ್ದರೆ ಹೊರತೆಗೆದು, ಏನು ಸೇರಿದೆ, ಏನು ಸೇರಿಲ್ಲ ಎಂಬ ಪುಟಗಳನ್ನು ಮನೆಯವರೆಲ್ಲ ಕುಳಿತು ಓದಿರಿ. ಇಂಗ್ಲಿಷ್ ಬಾರದಿದ್ದರೆ ಓದಿದ ಮಕ್ಕಳಿಂದ ಓದಿಸಿ ಕೇಳಿರಿ. ಪಾಲಿಸಿಯಿಲ್ಲದಿದ್ದರೆ, ಬಿರುಕನ್ನು ಮುಚ್ಚಿಡದೆ, ಇದ್ದುದನ್ನು ಇದ್ದಂತೆ ಬರೆದು ಮಾಡಿಸಿರಿ.